ಮೂರು ಏಟಿನ ಪರೀಕ್ಷೆ

ರಾಣೆಬೆನ್ನೂರು
16 ಏಪ್ರಿಲ್ 2025

ರಂಜಿನಿ ಮೇಡಂ ಅವರಿಗೆ ಗುರುಸಿದ್ದಯ್ಯನ ಶರಣು.

ಒಟ್ಟು ಐವತ್ತೊಂದು ಸಾವಿರದ ಆರುನೂರು ರೂಪಾಯಿ. ನಿಮ್ಮ ತಂದೆಯವರ ಅಂಬಾಸಿಡರ್ ಟ್ಯಾಕ್ಸಿಯನ್ನು ಮನೆಯ ಷೆಡ್ಡಿನಲ್ಲೇ ಹೊಸದು ಮಾಡುವ ಈ ವ್ಯವಹಾರದಲ್ಲಿ ಬರೀ ಗಾಳಿಗೆ ಬಿದ್ದ ಖರ್ಚು ಇದು. ಕಂಪ್ರೆಸರಿಗೆ ಮೂವತ್ತನಾಲ್ಕು ಸಾವಿರ, ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ನಿಗೆ ಐದೂವರೆ ಸಾವಿರ, ತುಕ್ಕು ಉಜ್ಜುವ ಸ್ಯಾಂಡರಿಗೆ ನಾಲ್ಕು ಸಾವಿರದ ಇನ್ನೂರು, ಬಣ್ಣ ಹೊಡೆಯುವ ಗನ್ನಿಗೆ ಮೂರು ಸಾವಿರದ ಎಂಟುನೂರು, ಪೈಪು ಮತ್ತು ಫಿಲ್ಟರಿಗೆ ಎರಡು ಸಾವಿರದ ಒಂಬೈನೂರು, ಕಾಮಾಕ್ಷಿಪಾಳ್ಯದಿಂದ ಕೆಂಗೇರಿಗೆ ಟೆಂಪೋ ಸಾವಿರದ ಇನ್ನೂರು. ನನ್ನ ಅಂಗಡಿಯಲ್ಲಿ ಎರಡು ಟೀ ಕುಡಿದಿರಿ. ಅದನ್ನು ಬರೆದಿಲ್ಲ.

ಅಂಗಡಿಯಿಂದ ಇಲ್ಲಿಗೆ ಕಳಿಸಿಕೊಟ್ಟ ನಿಮ್ಮ ಕಾಗದದಲ್ಲಿ ಒಂದು ಆಕ್ಷೇಪಣೆ ಇದೆ. ಪಕ್ಕದ ಅಂಗಡಿಯವನು ಇದೇ ದುಡ್ಡಿಗೆ ಮುನ್ನೂರು ಲೀಟರಿನ ಟ್ಯಾಂಕು ಕೊಡುತ್ತಿದ್ದ, ನೀವು ನೂರಾ ಅರವತ್ತು ಲೀಟರಿನದ್ದನ್ನು ಹೊರಿಸಿದಿರಿ ಎಂದು. ಮೇಡಂ, ಮನೆಯ ತಾರಸಿ ಮೇಲೆ ಎಷ್ಟೇ ದೊಡ್ಡ ನೀರಿನ ಟ್ಯಾಂಕು ಇಡಿ, ಬೋರಿನಲ್ಲಿ ಬೆರಳು ಗಾತ್ರದ ಧಾರೆ ಬಂದರೆ ಸ್ನಾನಕ್ಕೆ ಸಾಲದು. ಇಲ್ಲೂ ಹಾಗೆಯೇ. ಪಂಪು ನಿಮಿಷಕ್ಕೆ ಎಷ್ಟು ಗಾಳಿ ತುಂಬುತ್ತದೆ ಎಂಬುದೇ ಲೆಕ್ಕ. ಇಂಪ್ಯಾಕ್ಟ್ ಗನ್ನು ಒಂದು ಗುಟುಕು ಕುಡಿದು ಸುಮ್ಮನಾಗುತ್ತದೆ. ಸ್ಯಾಂಡರ್ ಮಾತ್ರ ಹೊಟ್ಟೆಬಾಕ, ಕೈ ಬಿಡುವವರೆಗೂ ಕುಡಿಯುತ್ತಲೇ ಇರುತ್ತದೆ. ಅವನು ತೋರಿಸಿದ ದೊಡ್ಡ ಟ್ಯಾಂಕಿನ ಮೇಲೆ ಕೂತಿದ್ದದ್ದು ಒಂದೂವರೆ ಎಚ್‌ಪಿ ಪಂಪು. ನಿಮ್ಮದು ಮೂರು. ಅದಕ್ಕೂ ಮೇಲೆ ಹೋದರೆ ನಿಮ್ಮ ಮನೆಯ ಸಿಂಗಲ್ ಫೇಸ್ ಕರೆಂಟು ತಡೆಯುವುದಿಲ್ಲ.

ಹಳೆಯ ಟ್ಯಾಂಕು ಎಂದು ಭಯ ಬೇಡ. ಗಾಳಿಯ ಜೊತೆ ಬರುವ ತೇವ ತಳದಲ್ಲಿ ನಿಂತು, ಒಳಗಿನಿಂದ ತುಕ್ಕು ತಿನ್ನುತ್ತದೆ. ಹಾಗೆ ತಿಂದ ಟ್ಯಾಂಕು ಒಡೆದರೆ ಅದು ಟೈರು ಪಂಕ್ಚರ್ ಆದಂತಲ್ಲ, ಬಾಂಬು. ಅದಕ್ಕೇ ನಾನು ಪ್ರತಿ ಟ್ಯಾಂಕಿಗೂ ಸ್ಪ್ಯಾನರಿನಿಂದ ಮೂರು ಏಟು ಹೊಡೆಯುವುದು: ತಲೆಗೆ, ಪಕ್ಕೆಗೆ, ಹೊಟ್ಟೆಗೆ. ಟಣ್ ಅಂದರೆ ತಗಡು ಗಟ್ಟಿ. ಡಬ್ ಅಂದರೆ ಗುಜರಿಗೆ. ಮಾಗಡಿ ರೋಡಿನ ಉದ್ದಕ್ಕೂ ಮೂವತ್ತೈದು ವರ್ಷದಿಂದ ಗುರುಸಿದ್ದಯ್ಯನ ಮೂರು ಏಟು ಬಿದ್ದ ಟ್ಯಾಂಕಿಗೆ ಬೇರೆ ಸರ್ಟಿಫಿಕೇಟು ಕೇಳಿದವರಿಲ್ಲ. ನಿಮ್ಮೆದುರಿಗೇ ಹೊಡೆದು ತೋರಿಸಿದ್ದೇನೆ.

ಎರಡು ಮಾತು ನೆನಪಿರಲಿ. ದಿನಾ ಸಂಜೆ ತಳದ ನಲ್ಲಿ ಬಿಚ್ಚಿ ನೀರು ತೆಗೆಯಿರಿ. ಗಾಳಿಯ ಒತ್ತಡ ನೂರಾ ಹತ್ತು ಪೌಂಡಿಗೆ ಏರಿದರೆ ತಾನೇ ನಿಲ್ಲುವ ಹಾಗೆ ಸ್ವಿಚ್ ಕೂರಿಸಿದ್ದೇನೆ, ಅದನ್ನು ಮುಟ್ಟಬೇಡಿ.

ಫೋನು ಎತ್ತಲಿಲ್ಲ ಎಂದು ಬೇಸರ ಬೇಡ. ನಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆಂದು ನಾನೂ ನಮ್ಮ ಮನೆಯವರೂ ಇಲ್ಲಿಗೆ ಬಂದಿದ್ದೇವೆ. ಗೋಡೆ ಎರಡಡಿ ದಪ್ಪ, ಸಿಗ್ನಲ್ ಇಲ್ಲ. ನನ್ನದು ಬಟನ್ ಫೋನು, ವಾಟ್ಸಾಪೂ ಇಲ್ಲ. ಅಂಗಡಿಯಲ್ಲಿ ಸೋದರಳಿಯ ಶಿವಕಿರಣ್ ಇದ್ದಾನೆ. ನನ್ನಿಂದಲೇ ಕೇಳಬೇಕಾದ್ದು ಇದ್ದರೆ ಈ ವಿಳಾಸಕ್ಕೆ ಬರೆಯಿರಿ. ಸ್ಪೀಡ್ ಪೋಸ್ಟ್ ಎರಡು ಮೂರು ದಿನಕ್ಕೆ ಬರುತ್ತದೆ.

ಇಂತಿ,
ಗುರುಸಿದ್ದಯ್ಯ


ಕೆಂಗೇರಿ ಉಪನಗರ
22 ಏಪ್ರಿಲ್ 2025

ಗುರುಸಿದ್ದಯ್ಯ ಸಾರ್ ಅವರಿಗೆ ನಮಸ್ಕಾರ.

ನಿಮ್ಮ ಬೋರ್‌ವೆಲ್ ಉದಾಹರಣೆಯನ್ನು ಸ್ಕೂಲು ತೆರೆದ ಮೇಲೆ ಒಂಬತ್ತನೇ ಕ್ಲಾಸಿಗೆ ಹೇಳುತ್ತೇನೆ. ನಾನು ಗಣಿತದ ಟೀಚರ್ ಎಂದು ನಿಮಗೆ ಹೇಳಿರಲಿಲ್ಲ ಅನಿಸುತ್ತದೆ. ಮೇ ಇಪ್ಪತ್ತೊಂಬತ್ತಕ್ಕೆ ರಜೆ ಮುಗಿಯುತ್ತದೆ. ಮಳೆ ಹಿಡಿದರೆ ಗಾಳಿಯಲ್ಲಿನ ತೇವಕ್ಕೆ ಬಣ್ಣ ಬೂದು ತಿರುಗುತ್ತದಂತೆ, ಆದ್ದರಿಂದ ಅಷ್ಟರೊಳಗೆ ಗಾಡಿಗೆ ಬಣ್ಣ ಆಗಲೇಬೇಕು.

ಮೊದಲ ದಿನ ಹಿಂದಿನ ಚಕ್ರದ ನಟ್ಟುಗಳಿಗೆ ಗನ್ ಹಿಡಿದೆ. ಟರ್ರ್ ಅಂತು, ಐದೂ ಬಿದ್ದವು. 2008ರಲ್ಲಿ ಷೆಡ್ಡು ಸೇರಿದ ಗಾಡಿ ಅದು. ಅಪ್ಪ ಅಲ್ಲೇ ನಿಂತಿದ್ದರು. "ಹದಿನೇಳು ವರ್ಷದಿಂದ ಈ ನನ್ಮಕ್ಳು ನನ್ ಮಾತೇ ಕೇಳಿರ್ಲಿಲ್ಲ. ನಿನ್ಗೆ ಮಾತ್ರ ಬಿಟ್ಕೊಟ್ರು ನೋಡು" ಎಂದರು. ಅವರಿಗೆ ಖುಷಿಯೋ ಹೊಟ್ಟೆಕಿಚ್ಚೋ ಗೊತ್ತಾಗಲಿಲ್ಲ.

ಈಗ ಅವರು ಷೆಡ್ಡು ಬಿಟ್ಟು ಕದಲುವುದಿಲ್ಲ. ಕಂಪ್ರೆಸರ್ ಓಡಿದಷ್ಟು ಹೊತ್ತು ಟ್ಯಾಂಕಿಗೆ ಮಂಡಿ ತಾಗುವಷ್ಟು ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾರೆ. "ಇದ್ರ ಬಿಸೀಗೆ ನೋವು ಇಳೀತದೆ ಕಣಮ್ಮ, ಡಾಕ್ಟ್ರು ಆರ್ನೂರು ರೂಪಾಯಿ ಎಣ್ಣೆ ಬರ್ಕೊಟ್ಟಿದ್ದ" ಅನ್ನುತ್ತಾರೆ. ಎಪ್ಪತ್ತನಾಲ್ಕು ವಯಸ್ಸು. ನಲವತ್ತು ವರ್ಷ ಕೆಂಗೇರಿ ಸ್ಟೇಷನ್ ಮುಂದೆ ಕ್ಲಚ್ಚು ತುಳಿದ ಮಂಡಿ.

ಒಂದು ಸಂದೇಹ. ಸಂಜೆ ನಲ್ಲಿ ಬಿಚ್ಚಿದರೆ ನೀರು ಟೀ ಬಣ್ಣಕ್ಕೆ ಬರುತ್ತದೆ. ನಿನ್ನೆ ಅದನ್ನು ಲೋಟದಲ್ಲಿ ಹಿಡಿದಿಟ್ಟೆ. ಬೆಳಿಗ್ಗೆ ತಳದಲ್ಲಿ ಕಂದು ಪುಡಿ ನಿಂತಿತ್ತು, ಕಾಫಿ ಪುಡಿಯ ಹಾಗೆ. ಇದು ಸಹಜವೇ?

ಇನ್ನೊಂದು ಸಂದೇಹ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಪೂರ್ತಿ ರಿಂಗ್ ಆಯಿತು. ಸಿಗ್ನಲ್ ಇಲ್ಲದ ಮನೆಯಲ್ಲಿ ಫೋನು ರಿಂಗ್ ಆಗುವುದು ಹೇಗೆ ಸಾರ್?

ಇಂತಿ ನಮಸ್ಕಾರಗಳು,
ರಂಜಿನಿ ಮುನಿಯಣ್ಣ


ರಾಣೆಬೆನ್ನೂರು
26 ಏಪ್ರಿಲ್ 2025

ರಂಜಿನಿ ಮೇಡಂ ಅವರಿಗೆ ಶರಣು.

ಫೋನಿನ ವಿಷಯ ಬಿಡಿ. ಸಿಗ್ನಲ್ ಒಂದು ಗಳಿಗೆ ಬರುತ್ತದೆ, ಒಂದು ಗಳಿಗೆ ಹೋಗುತ್ತದೆ. ನೀವು ಗಣಿತದವರು, ನಾನು ಏಳನೇ ಕ್ಲಾಸು. ಅದರಲ್ಲಿ ನಿಮ್ಮನ್ನು ಗೆಲ್ಲಲಾರೆ.

ಟೀ ಬಣ್ಣದ ನೀರು ಎಲ್ಲ ಹಳೇ ಟ್ಯಾಂಕಿನಲ್ಲೂ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪುಡಿಯ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಕಸುಬಿನಲ್ಲಿ ನೀರಿನ ಪರೀಕ್ಷೆ ಎಂದು ಒಂದಿದೆ. ಟ್ಯಾಂಕಿನ ತುಂಬ ನೀರು ತುಂಬಿಸಿ, ಕೈ ಪಂಪಿನಿಂದ ನೂರಾ ಎಂಬತ್ತು ಪೌಂಡಿನವರೆಗೆ ಒತ್ತಡ ಏರಿಸುತ್ತಾರೆ. ಅಷ್ಟು ತಡೆದರೆ ನೂರಾ ಹತ್ತಕ್ಕೆ ಚಿಂತೆಯಿಲ್ಲ. ಟ್ಯಾಂಕು ಸೋತರೂ ನೀರು ಸಿಡಿಯುವುದಿಲ್ಲ, ಸುಮ್ಮನೆ ಸೋರುತ್ತದೆ. ಶಿವಕಿರಣ್ ಮನೆಗೇ ಬಂದು ಮಾಡಿಕೊಡುತ್ತಾನೆ. ಸಾವಿರದ ಎಂಟುನೂರು ತೆಗೆದುಕೊಳ್ಳುತ್ತಾನೆ, ನಾನು ಹೇಳಿದೆ ಎಂದರೆ ಸಾವಿರದ ಐನೂರು. ಅರ್ಧ ದಿನದ ಕೆಲಸ. ಟ್ಯಾಂಕಿನಲ್ಲಿ ದೋಷ ಇದೆ ಎಂದು ನಾನು ಹೇಳುತ್ತಿಲ್ಲ. ಮನಸ್ಸಿನ ಸಮಾಧಾನಕ್ಕೆ, ನಾನಾಗಿದ್ದರೆ ಮಾಡಿಸುತ್ತಿದ್ದೆ.

ನಿಮ್ಮ ತಂದೆಯವರ ಸ್ಟೂಲನ್ನು ಷೆಡ್ಡಿನ ಇನ್ನೊಂದು ಮೂಲೆಗೆ ಹಾಕಿಸಿ. ಪಂಪಿನ ಸದ್ದು ಹತ್ತಿರದಿಂದ ಕೇಳಿದರೆ ಕಿವಿಗೆ ಒಳ್ಳೆಯದಲ್ಲ. ವಯಸ್ಸಾದ ಕಿವಿ. ನಾನು ಈ ಕಸುಬಿನವನು, ನನ್ನ ಮಾತು ನಂಬಿ.

ನಮ್ಮ ಮನೆಯವರು ಕಮಲಾಕ್ಷಮ್ಮ, ಯಾರಿಗೆ ಇಷ್ಟುದ್ದ ಕಾಗದ ಎಂದು ಕೇಳುತ್ತಿದ್ದಾರೆ. ಗಿರಾಕಿಗೆ ಎಂದೆ. "ಹಳೇ ಗಿರಾಕಿಗೆ ಒಮ್ಮೆಯೂ ಬರೆದಿದ್ದಿಲ್ಲ, ಏನಾತು ಈಗ" ಎಂದು ಕೂತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಪರೀಕ್ಷೆ ಮಾಡಿಸಿದ ಮೇಲೆ ಒಂದು ಸಾಲು ಬರೆಯಿರಿ.

ಗುರುಸಿದ್ದಯ್ಯ


ಕೆಂಗೇರಿ ಉಪನಗರ
3 ಮೇ 2025

ಗುರುಸಿದ್ದಯ್ಯನವರಿಗೆ,

ನಿಮ್ಮ ಅಂಗಡಿಗೆ ಫೋನ್ ಮಾಡಿದೆ. ಶಿವಕಿರಣ್ ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ: "ನೀರಿನ್ ಟೆಸ್ಟಾ? ಮನೆ ಕೆಲ್ಸಕ್ಕೆ ಯಾರೂ ಮಾಡ್ಸಲ್ಲ ಮೇಡಂ. ಮಾವ ಮೂರು ಏಟು ಹಾಕವ್ರಲ್ಲ, ಅದೇ ಟೆಸ್ಟು." ಮಾವನೇ ಮಾಡಿಸಿ ಎಂದಿದ್ದಾರೆ ಎಂದೆ. ಮಾವನೇ ಅಂದ್ರಾ ಎಂದು ಎರಡು ಸಲ ಕೇಳಿ, "ಹಂಗಾದ್ರೆ ಬರ್ತೀನಿ, ಮುಂದಿನ್ ವಾರ ನೋಡೋಣ" ಎಂದರು.

ನನಗೆ ಅರ್ಥವಾದದ್ದು ಇಷ್ಟು. ಮೂವತ್ತನಾಲ್ಕು ಸಾವಿರಕ್ಕೆ ಮಾರುವಾಗ ನಿಮ್ಮ ಏಟೇ ಸರ್ಟಿಫಿಕೇಟು. ಮಾರಿ ಆದ ಮೇಲೆ ಆ ಸರ್ಟಿಫಿಕೇಟನ್ನು ಪರೀಕ್ಷಿಸಲು ಮತ್ತೆ ಸಾವಿರದ ಐನೂರು. ಫೋನ್ ಎತ್ತುವುದಿಲ್ಲ, ಏಕೆಂದರೆ ಫೋನಿನಲ್ಲಿ ಪ್ರಶ್ನೆಗೆ ಕೂಡಲೇ ಉತ್ತರ ಕೊಡಬೇಕಾಗುತ್ತದೆ. ಕಾಗದದಲ್ಲಿ ನಾಲ್ಕು ದಿನ ಯೋಚಿಸಿ ಬರೆಯಬಹುದು. ಜಾಣತನ ಒಪ್ಪಿದೆ.

ಅಪ್ಪನ ಕಿವಿಯ ಬಗ್ಗೆ ಕಾಳಜಿ ತೋರಿಸಿದ್ದೀರಿ. ಅವರ ಕಿವಿಗೆ ಏನೂ ಆಗಿಲ್ಲ. ಮೂರನೇ ಮನೆಯಲ್ಲಿ ಹಾಲು ಉಕ್ಕಿದರೆ ನಮ್ಮ ಅಪ್ಪನಿಗೆ ಗೊತ್ತಾಗುತ್ತದೆ. ಹೇಳಬಾರದೆಂದಿದ್ದೆ, ಈಗ ಹೇಳುತ್ತೇನೆ. ಅವತ್ತು ಟೆಂಪೋದಲ್ಲಿ ಬರುವಾಗ ಅವರು, "ಮೊದ್ಲೆರಡು ಏಟು ಟಣ್ ಅಂತು. ಹೊಟ್ಟೆಗೆ ಹೊಡೆದ್ರಲ್ಲ, ಅದು ಡಬ್ ಅಂತಮ್ಮ. ಒದ್ದೆ ಡಬ್ಬಕ್ಕೆ ಹೊಡ್ದಂಗೆ" ಎಂದರು. ನಾನು ಅವರನ್ನು ಗದರಿದೆ. "ಅವ್ರು ಮೂವತ್ತೈದು ವರ್ಷದಿಂದ ಕೇಳ್ಕೊಂಡು ಬಂದೋರು. ಅವ್ರಿಗೆ ಗೊತ್ತಾಗ್ದಿರೋದು ನಿಂಗೆ ಗೊತ್ತಾಯ್ತಾ" ಎಂದೆ. ಆಮೇಲೆ ಅವರು ಆ ಮಾತು ಎತ್ತಿಲ್ಲ. ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು.

ಏಳನೇ ತಾರೀಖಿನಿಂದ ಪ್ರೈಮರ್ ಹೊಡೆಯುತ್ತೇನೆ. ಅವತ್ತಿನಿಂದ ಕಂಪ್ರೆಸರ್ ಬೆಳಿಗ್ಗೆಯಿಂದ ಸಂಜೆವರೆಗೆ ಓಡುತ್ತದೆ. ಈಗ ಪರೀಕ್ಷೆ, ನೀರು, ಮತ್ತೆ ಒಣಗಿಸುವುದು ಎಂದು ಕೂತರೆ ನನ್ನ ರಜೆ ಮುಗಿದೇ ಹೋಗುತ್ತದೆ. ಸ್ಟೂಲು ಇದ್ದಲ್ಲೇ ಇದೆ. ಎಬ್ಬಿಸಿದರೆ ಅಪ್ಪ ಕೇಳುವುದಿಲ್ಲ.

ಒಂದೇ ಪ್ರಶ್ನೆ. ಆ ಟ್ಯಾಂಕಿನಲ್ಲಿ ದೋಷ ಇದೆಯೋ ಇಲ್ಲವೋ? ಒಂದು ಪದದಲ್ಲಿ ಉತ್ತರ ಬರೆಯಿರಿ. ಅದಕ್ಕಿಂತ ಹೆಚ್ಚು ಬರೆದರೆ ನಾನು ಓದುವುದಿಲ್ಲ. ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ.

ರಂಜಿನಿ


ಕೆಂಗೇರಿ, ನಿಮ್ಮ ಗೇಟಿನ ಮುಂದೆ
7 ಮೇ 2025, ಬೆಳಿಗ್ಗೆ ಹನ್ನೊಂದೂವರೆ

ಬೈಯುವ ಮೊದಲು ಇದನ್ನು ಓದಿ. ನೀವು ಬೈದರೆ ನನಗೆ ಕೇಳಿಸುವುದಿಲ್ಲ. ಅದಕ್ಕೇ ಬರೆದು ಕೈಯಲ್ಲಿ ಹಿಡಿದು ನಿಂತಿದ್ದೇನೆ.

ನಿಮ್ಮ ಕಾಗದ ನಿನ್ನೆ ಸಂಜೆ ಕೈಗೆ ಬಂತು. ನಮ್ಮ ಮನೆಯವರ ಕೈಲಿ ಫೋನ್ ಮಾಡಿಸಿದೆ, ನನ್ನ ನಂಬರಿನಿಂದಲೂ ಅವರ ನಂಬರಿನಿಂದಲೂ. ನೀವು ಎತ್ತಲಿಲ್ಲ. ಶಿವಕಿರಣನ ಫೋನು ಆಫ್. ಬೆಳಗಿನ ಮೊದಲ ಬಸ್ಸು ಹಿಡಿದು ಬಂದೆ.

ಬೆಲ್ ಒತ್ತಿದೆ. ಆಯಿತೋ ಇಲ್ಲವೋ ಗೊತ್ತಿಲ್ಲ. ಶಟರು ಬಡಿದೆ. ಯಾರೂ ಬರಲಿಲ್ಲ. ಶಟರಿಗೆ ಅಂಗೈ ಇಟ್ಟು ನೋಡಿದೆ, ಜುಮ್ ಎಂದು ನಡುಗುತ್ತಿತ್ತು. ಒಳಗೆ ಮಷೀನು ಓಡುತ್ತಿದೆ ಎಂದು ಗೊತ್ತಾಯಿತು. ಗೇಟಿನ ಪಕ್ಕದ ಮೀಟರ್ ಬಾಕ್ಸಿನಿಂದ ಫ್ಯೂಸು ಕಿತ್ತಿದ್ದೇನೆ. ಶಟರಿನ ನಡುಕ ನಿಂತಿತು. ಫ್ಯೂಸು ನನ್ನ ಜೇಬಿನಲ್ಲಿದೆ. ಕೇಳಿದರೂ ಕೊಡುವುದಿಲ್ಲ.

ಕರೆಂಟು ಹೋದರೂ ಟ್ಯಾಂಕಿನಲ್ಲಿ ಗಾಳಿ ತುಂಬಿದೆ. ಅದರ ಹತ್ತಿರ ಯಾರೂ ಹೋಗಬಾರದು. ಮೊದಲು ತಂದೆಯವರನ್ನು ಹೊರಗೆ ಕರೆತನ್ನಿ. ಆಮೇಲೆ ಪೈಪಿನ ತುದಿ ಎಷ್ಟು ದೂರ ಬರುತ್ತದೋ ಅಷ್ಟು ದೂರದಿಂದ ಗನ್ ಒತ್ತಿ ಹಿಡಿದು ಗಾಳಿಯನ್ನೆಲ್ಲ ಬಿಡಬೇಕು. ಅದನ್ನು ನಾನು ಮಾಡುತ್ತೇನೆ.

ಎರಡು ವರ್ಷದಿಂದ ನನಗೆ ಕಿವಿ ಇಲ್ಲ. ಹತ್ತಿರ ಬಂದು ಗಟ್ಟಿಯಾಗಿ ಮಾತಾಡಿದರೆ ತುಟಿ ನೋಡಿ ಹೇಗೋ ತೂಗಿಸುತ್ತೇನೆ. ಯಾವ ಟ್ಯಾಂಕಿಗೆ ಹೊಡೆದರೂ ನನಗೆ ಡಬ್ ಎಂದೇ ಕೇಳುತ್ತದೆ. ನಿಮ್ಮೆದುರು ಹೊಡೆದ ಮೂರು ಏಟೂ ಹಾಗೇ ಕೇಳಿತು.

ನಿಮ್ಮ ಪ್ರಶ್ನೆಗೆ ಒಂದು ಪದದ ಉತ್ತರ: ಇದೆ.


ಕೆಂಗೇರಿ ಉಪನಗರ
9 ಮೇ 2025

ಗುರುಸಿದ್ದಯ್ಯನವರಿಗೆ,

ಮೊನ್ನೆ ನಮ್ಮ ಮನೆಯಲ್ಲಿ ನಿಮ್ಮ ಸುತ್ತಲೇ ಆದ ಮಾತುಗಳು ನಿಮಗೆ ಕೇಳಿಸಿಲ್ಲ. ಕೇಳಬೇಕಾದವರು ನೀವೇ. ಅದಕ್ಕೆ ಬರೆಯುತ್ತಿದ್ದೇನೆ.

ಕರೆಂಟು ಹೋದಾಗ ನಾನು ಮುಂದಿನ ಬಾಗಿಲಿಗೆ ಪ್ರೈಮರ್ ಹೊಡೆಯುತ್ತಿದ್ದೆ. ಮೂತಿಗೆ ಮಾಸ್ಕು, ಕಿವಿಗೆ ಹತ್ತಿ. ಅಪ್ಪ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದರು. ಕರೆಂಟು ಬರುತ್ತದೆಂದು ಹತ್ತು ನಿಮಿಷ ಕಾದು, ಹೊರಗೆ ಬಂದು ನಿಮ್ಮನ್ನು ಕಂಡಾಗ ಅವರು ಅಂದದ್ದು: "ಏನಯ್ಯ, ನಮ್ಮನೆ ಫ್ಯೂಸ್ ಕೀಳೋಕೆ ನಿಮ್ಮಪ್ಪಂದಾ?" ನೀವು ನಗುತ್ತಾ ಚೀಟಿ ಮುಂದೆ ಹಿಡಿದಿರಿ. ಆ ನಗು ನೋಡಿ ಅವರಿಗೆ ಇನ್ನೂ ಉರಿಯಿತು. "ನಗ್ತಾನೆ ನೋಡಮ್ಮ, ದುಡ್ಡು ನುಂಗಿ ನಗ್ತಾನೆ" ಎಂದರು. ಎದುರುಮನೆಯ ಯಶೋದಮ್ಮ ಪೊಲೀಸರಿಗೆ ಫೋನ್ ಮಾಡಲಾ ಎಂದು ಕೇಳಿದರು. ನಾನು ಮಾಡಿ ಎಂದೆ. ಚೀಟಿ ಓದಿದ ಮೇಲೆ ಬೇಡ ಎಂದೆ.

ನೀವು ಷೆಡ್ಡಿನ ಗೋಡೆಗೆ ಒರಗಿ, ಗನ್ ಒತ್ತಿ ಹಿಡಿದು ಗಾಳಿ ಬಿಡಲು ನಾಲ್ಕು ನಿಮಿಷ ಹಿಡಿಯಿತು. ನಾವು ರಸ್ತೆಯ ಆಚೆ ನಿಂತಿದ್ದೆವು. ಮುಳ್ಳು ಸೊನ್ನೆಗೆ ಬಂದು ನೀವು ಕೈ ಎತ್ತಿ ತೋರಿಸಿದಾಗ, "ಆ ಮನ್ಷ ಯಾಕಮ್ಮ ಒಬ್ನೇ ಒಳಗ್ ಹೋದ" ಎಂದು ಅಪ್ಪ ಕೇಳಿದರು.

ನಾಲ್ಕು ಗಂಟೆಗೆ ಶಿವಕಿರಣ್ ಪಂಪು ತಂದರಲ್ಲ, ನೀವು ಟ್ಯಾಂಕಿಗೆ ನೀರು ತುಂಬಿಸುತ್ತಾ ಬೆನ್ನು ಹಾಕಿ ಕೂತಿದ್ದಾಗ ಅವರು ನನಗೆ ಹೇಳಿದ್ದು: "ಅಕ್ಕ, ಮಾವನ್ ಕಿವಿ ವಿಷ್ಯ ನಂಗೆ ಮೊದ್ಲೇ ಗೊತ್ತಿತ್ತು. ಕಮಲಾಕ್ಷತ್ತೆಗೂ ಗೊತ್ತು. ಹೇಳ್ಬಿಟ್ರೆ ಅಂಗ್ಡಿ ಹೆಸ್ರು ಹೋಗ್ತದೆ, ಮಾವನೂ ಕುಗ್ಗೋಗ್ತಾರೆ ಅಂತ ಸುಮ್ನಿದ್ವಿ." ನೀವು ಎಲ್ಲರಿಂದ ಮುಚ್ಚಿಟ್ಟೆ ಎಂದುಕೊಂಡಿದ್ದೀರಿ. ನಿಮ್ಮಿಂದ ಅವರು ಮುಚ್ಚಿಟ್ಟಿದ್ದರು.

ಮುಳ್ಳು ಮೇಲೇರುವುದನ್ನು ನೀವೂ ನೋಡಿದಿರಿ. ನೂರಾ ನಲವತ್ತೈದಕ್ಕೆ ತಳದಲ್ಲಿ ಪಚ್ ಎಂದಿತು, ಅಷ್ಟೇ ಸದ್ದು. ನೀರು ಅಪ್ಪನ ಚಪ್ಪಲಿವರೆಗೆ ಹರಿಯಿತು. ಮಗುಚಿ ಹಾಕಿ ಬಣ್ಣ ಕೆರೆದರೆ ಹಳೆಯ ತೇಪೆ, ಅದರ ಸುತ್ತ ಪೇಪರಿನಷ್ಟು ತೆಳುವಾದ ತಗಡು.

ಈಗ ನಾನು ಬರೆಯದೆ ಬಿಟ್ಟಿದ್ದ ಒಂದು ವಿಷಯ. ಸ್ಯಾಂಡರಿಗೆ ಗಾಳಿ ಸಾಲುತ್ತಿಲ್ಲ ಎಂದು ಮೇ ಎರಡರಂದು ಸ್ವಿಚ್ ತಿರುಗಿಸಿ ನೂರಾ ಮೂವತ್ತಕ್ಕೆ ಏರಿಸಿದ್ದೆ. ನೀವು ಮುಟ್ಟಬೇಡಿ ಎಂದಿದ್ದಿರಿ. ಮಾರಾಟ ಮಾಡುವವರು ಎಲ್ಲದಕ್ಕೂ ಹಾಗೇ ಹೇಳುತ್ತಾರೆ ಎಂದುಕೊಂಡೆ. ಅಂದರೆ ಐದು ದಿನ ಅಪ್ಪನ ಮಂಡಿಗೂ ಆ ತಳ ಹರಿಯುವುದಕ್ಕೂ ನಡುವೆ ಇದ್ದದ್ದು ಹದಿನೈದು ಪೌಂಡು. ಎರಡು ರಾತ್ರಿ ಅದನ್ನೇ ಕಳೆಯುತ್ತಾ ಕೂಡುತ್ತಾ ಮಲಗಿದ್ದೇನೆ.

ನೀವು ಕಳ್ಳರು ಎಂದುಕೊಂಡಿದ್ದೆ. ಅಲ್ಲ. ಆದರೆ ಕಳ್ಳರಾಗಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ಕಳ್ಳನಿಗೆ ಯಾವ ಮಾಲು ಕೆಟ್ಟದ್ದು ಎಂದಾದರೂ ಗೊತ್ತಿರುತ್ತದೆ.

ಎರಡು ವರ್ಷ ಎಂದು ಬರೆದಿದ್ದೀರಿ. ಆ ಎರಡು ವರ್ಷದಲ್ಲಿ ಮೂರು ಏಟು ಹೊಡೆದು ಮಾರಿದ ಟ್ಯಾಂಕು ಒಟ್ಟು ಎಷ್ಟು? ಅವುಗಳ ಪಕ್ಕದಲ್ಲಿ ಯಾರು ಕೂತಿದ್ದಾರೆ?

ಇದಕ್ಕೆ ಒಂದು ಪದದ ಉತ್ತರ ಸಾಲದು.

ರಂಜಿನಿ


ಕಾಮಾಕ್ಷಿಪಾಳ್ಯ
24 ಜೂನ್ 2025

ರಂಜಿನಿ ಅವರಿಗೆ ಗುರುಸಿದ್ದಯ್ಯನ ಶರಣು.

ಉತ್ತರ ತಡವಾಯಿತು. ಲೆಕ್ಕ ಮುಗಿಯದೆ ಬರೆಯುವುದು ಬೇಡ ಎಂದಿದ್ದೆ.

ಹತ್ತೊಂಬತ್ತು. ನಿಮ್ಮದೂ ಸೇರಿ. ನಿಮ್ಮ ಕಾಗದ ಓದಿದ ದಿನವೇ ಅಂಗಡಿಗೆ ವಾಪಸ್ ಬಂದು ಬಿಲ್ ಬುಕ್ಕು ತೆಗೆದೆ. ಅತ್ತೆಯವರನ್ನು ನಮ್ಮ ಮನೆಯವರು ಅಲ್ಲೇ ನೋಡಿಕೊಂಡರು. ಹೊರಡುವಾಗ ಅವರು ನನ್ನ ಮುಖ ತಮ್ಮ ಕಡೆ ತಿರುಗಿಸಿಕೊಂಡು, ತುಟಿ ನೋಡಲಿ ಎಂದು ನಿಧಾನಕ್ಕೆ, "ಎರಡು ವರ್ಷ ನಿಮ್ಮ ಕಿವಿ ನಾನಾಗಿದ್ದೆ. ಅಂಗಡ್ಯಾಗ ಮಾತ್ರ ನಾ ಇರಲಿಲ್ಲ" ಎಂದರು. ಮುಚ್ಚಿಟ್ಟು ಗೆದ್ದೆ ಎಂದುಕೊಂಡಿದ್ದವನಿಗೆ ಮನೆಯಲ್ಲೇ ಎಂಥ ನಾಟಕ ನಡೆದಿತ್ತು ನೋಡಿ.

ಹೇಗಾಯಿತು ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಕಿವಿ ಒಂದೇ ದಿನ ಹೋಗುವುದಿಲ್ಲ. ಮೊದಲು ಟಣ್ ಎನ್ನುವುದರ ಬಾಲ ಹೋಯಿತು, ಆಮೇಲೆ ತಲೆ. ಒಂದು ವಾರ ಬಂದ ಟ್ಯಾಂಕೆಲ್ಲ ಡಬ್ ಅಂದಾಗ, ಮಾಲೇ ಕೆಟ್ಟದ್ದು ಬರುತ್ತಿದೆ ಎಂದು ಗುಜರಿಯವನನ್ನು ಬೈದೆ. ಆಮೇಲೆ ಹೊಸ ಟ್ಯಾಂಕಿಗೆ ಹೊಡೆದು ನೋಡಿದೆ. ಅದೂ ಡಬ್. ಕಿವಿಯನ್ನು ನಂಬಿದರೆ ಅಂಗಡಿ ಮುಚ್ಚಬೇಕು. ಕಣ್ಣಿನಿಂದ ನೋಡಿ ಆರಿಸಲು ಶುರು ಮಾಡಿದೆ. ಏಟು ಹೊಡೆಯುವುದನ್ನು ಬಿಡಲಿಲ್ಲ, ಏಕೆಂದರೆ ಗಿರಾಕಿ ಅದಕ್ಕೇ ಕಾಯುತ್ತಾ ನಿಂತಿರುತ್ತಾನೆ. ನಿಮ್ಮ ಟ್ಯಾಂಕಿನ ಹೊಟ್ಟೆಗೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದರು. ಕಣ್ಣು ಅಲ್ಲಿ ಸೋತಿತು. ಪುಡಿ ಎಂದು ನೀವು ಬರೆದಾಗಲೇ ನನಗೆ ಅನುಮಾನ ಬಂದಿತ್ತು. ನೀರಿನ ಪರೀಕ್ಷೆಯ ನೆಪ ಹೇಳಿ, ನನ್ನ ಗುಟ್ಟೂ ಉಳಿಯಲಿ, ನಿಮ್ಮ ಮನೆಯೂ ಉಳಿಯಲಿ ಎಂದು ಲೆಕ್ಕ ಹಾಕಿದೆ. ಒಂದೇ ದುಡ್ಡಿನಲ್ಲಿ ಎರಡು ಮಾಲು ಕೊಳ್ಳುವ ಅಭ್ಯಾಸ.

ಬಿಲ್ ಬುಕ್ಕಿನಲ್ಲಿ ನಿಮ್ಮದೂ ಸೇರಿ ಹದಿನಾಲ್ಕು ಹೆಸರು ಸಿಕ್ಕವು. ಒಬ್ಬೊಬ್ಬರ ಬಾಗಿಲಿಗೂ ನಾನೇ ಹೋದೆ. ಶಿವಕಿರಣ್ ಪಂಪು ಹೊತ್ತು ಹಿಂದೆ ಬಂದ. ನನಗೆ ಕಿವಿ ಕೇಳುವುದಿಲ್ಲ, ನಿಮ್ಮ ಟ್ಯಾಂಕನ್ನು ಕೇಳದೆಯೇ ಮಾರಿದೆ ಎಂದು ಹದಿನಾಲ್ಕು ಸಲ ಹೇಳಿದ್ದೇನೆ. ಸುಂಕದಕಟ್ಟೆಯ ಪೇಂಟರ್ ಅಂಜಿನಯ್ಯ ನಗುತ್ತಾ, "ಅಯ್ಯೋ ಬಿಡಿ ಸ್ವಾಮಿ, ಗಟ್ಟಿಯಾಗೇ ಇದೆ" ಎಂದು ಟ್ಯಾಂಕಿನ ಮೇಲೆ ಕೈ ಬಡಿದ. ಅದು ನೂರಾ ಇಪ್ಪತ್ತಕ್ಕೇ ಸೋತಿತು. ಅವನು ದಿನಾ ಓಡಿಸುತ್ತಿದ್ದದ್ದು ನೂರಾ ಹತ್ತಕ್ಕೆ. ಆಮೇಲೆ ಅವನು ನಗಲಿಲ್ಲ. ಕಾಫಿಗೆ ಕೂರಿ ಎಂದವನು, ಕೂರಿಸದೆ ಕಳಿಸಿದ.

ಉಳಿದ ಐದು ಟ್ಯಾಂಕಿಗೆ ಬಿಲ್ ಇಲ್ಲ. ಬಿಲ್ ಬೇಡ ಎಂದವರಿಗೆ ಐನೂರು ರೂಪಾಯಿ ಬಿಟ್ಟುಕೊಡುವುದು ನನ್ನ ಪದ್ಧತಿ. ಟ್ಯಾಕ್ಸು ಉಳಿಯುತ್ತದೆ, ಗಿರಾಕಿಯೂ ಖುಷಿ. ಹೆಸರೂ ಇಲ್ಲ, ನಂಬರೂ ಇಲ್ಲ. ಟೆಂಪೋದವರನ್ನು ಕೇಳಿ, ಹೆಗ್ಗನಹಳ್ಳಿಯಲ್ಲಿ ಮೂರು ದಿನ ಪಂಕ್ಚರ್ ಅಂಗಡಿ, ಗ್ಯಾರೇಜು ಸುತ್ತಿ ಮೂರನ್ನು ಪತ್ತೆ ಮಾಡಿದೆ. ಇನ್ನೆರಡು ಸಿಕ್ಕಿಲ್ಲ. ಒಬ್ಬ ಬಿಳಿ ಪಿಕಪ್ಪಿನಲ್ಲಿ ಬಂದವನು, ತುಮಕೂರು ಕಡೆ ಎಂದಿದ್ದ. ಇನ್ನೊಬ್ಬರು ಗಂಡ ಹೆಂಡತಿ. ಮಗ ಹಳೇ ಬೈಕುಗಳನ್ನು ರಿಪೇರಿ ಮಾಡುತ್ತಾನೆ, ಅವನಿಗೆ ಎಂದಿದ್ದರು. ಊರು ಹೇಳಿದರು. ನನಗೆ ಕೇಳಿಸಲಿಲ್ಲ. ತಲೆ ಆಡಿಸಿದೆ. ಎರಡು ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದೇನೆ, ಶಿವಕಿರಣ್ ಫೋನಿನಲ್ಲಿ ಅದೇನೋ ಗ್ರೂಪುಗಳಿಗೆಲ್ಲ ಹಾಕಿದ್ದಾನೆ. ಇವತ್ತಿನವರೆಗೆ ಯಾರೂ ಕರೆ ಮಾಡಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇದು. ಇನ್ನು ಈ ವ್ಯವಹಾರದಲ್ಲಿ ಯಾರಿಗೆ ಏನು ಸಿಕ್ಕಿತು ಎಂದು ಬರೆದು ಮುಗಿಸುತ್ತೇನೆ.

ಪರೀಕ್ಷೆ ಆದದ್ದು ಹದಿನೇಳು ಟ್ಯಾಂಕು. ಗಟ್ಟಿ ನಿಂತದ್ದು ಹದಿಮೂರು. ಸೋತದ್ದು ನಾಲ್ಕು. ಆ ನಾಲ್ಕಕ್ಕೂ ಹೊಸ ಟ್ಯಾಂಕು, ಕಂಪನಿಯ ಸರ್ಟಿಫಿಕೇಟಿನ ಸಮೇತ, ನನ್ನ ಖರ್ಚಿನಲ್ಲಿ.

ನಿಮಗೆ: ಅದರಲ್ಲಿ ಒಂದು ಟ್ಯಾಂಕು, ಅರ್ಧ ಪ್ರೈಮರಿನಲ್ಲಿ ನಿಂತ ಗಾಡಿ, ಮುಗಿದುಹೋದ ಒಂದು ಬೇಸಿಗೆ ರಜೆ.

ಮುನಿಯಣ್ಣನವರಿಗೆ: ಅವತ್ತು ಟೆಂಪೋದಲ್ಲಿ ಅವರು ಹೇಳಿದ್ದೇ ಸರಿ ಎಂದು ನನ್ನ ಕೈಯಿಂದ ಬರೆದು ಸಹಿ ಹಾಕಿದ ಈ ಸಾಲು.

ಶಿವಕಿರಣನಿಗೆ: ಅಂಗಡಿ, ಮೊದಲಿನ ಅರ್ಧ ವ್ಯಾಪಾರ, ನೀರಿನ ಪರೀಕ್ಷೆಯ ಪಂಪು.

ಕಮಲಾಕ್ಷಮ್ಮನಿಗೆ: ಕೂಗದೆ ಮಾತಾಡಬಹುದಾದ ಗಂಡ. ಕಿವಿಗೆ ಯಂತ್ರ ಹಾಕಿಸಿದ್ದೇನೆ, ಇಪ್ಪತ್ತೆರಡು ಸಾವಿರ.

ನನಗೆ: ಯಂತ್ರ ಹಾಕಿದ ಮೊದಲ ದಿನವೇ, "ಮುದುಕನ್ನ ನಂಬಿ ಕೆಟ್ಟೆವಲ್ಲೋ" ಎಂದು ಗಿರಾಕಿಯೊಬ್ಬ ಬಾಗಿಲಲ್ಲಿ ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

ಹೆಸರು ಗೊತ್ತಿಲ್ಲದ ಆ ಇಬ್ಬರಿಗೆ: ತಲಾ ಐನೂರು ರೂಪಾಯಿ ಉಳಿತಾಯ.

ಗುರುಸಿದ್ದಯ್ಯ